ಹಂಪ್ಟಾ ಪಾಸ್‌ಗೆ ಹೊರಟಿದ್ದೀರಾ? ಬ್ಯಾಗ್ ಹೀಗೆ ಕಟ್ಟಿಕೊಳ್ಳಿ

ಹಿಮಾಲಯದ ಹಂಪ್ಟಾ ಪಾಸ್ (ಬೆಟ್ಟಸಾಲು ದಾಟುವ ದಾರಿ) ಚಾರಣದಲ್ಲಿ ಚಿಕಾ ಕ್ಯಾಂಪ್ ಬಿಟ್ಟು ಎರಡು ಗಂಟೆಯಾಗಿತ್ತು. ಬಿಸಿಲು ಚೆನ್ನಾಗಿತ್ತು, ಎಲ್ಲರೂ ಟೀ ಶರ್ಟ್‌ನಲ್ಲೇ ನಡೆಯುತ್ತಿದ್ದೆವು. ಕಣಿವೆಯ ಕೆಳಗಿನಿಂದ ಮೋಡ ಎದ್ದು ಬಂತು. ಹತ್ತೇ ನಿಮಿಷದಲ್ಲಿ ಮಳೆ, ಅದರ ಬೆನ್ನಿಗೇ ಗಾಳಿ. ನನ್ನ ರೇನ್ ಜಾಕೆಟ್ ದೊಡ್ಡ ಬ್ಯಾಗಿನ ತಳದಲ್ಲಿತ್ತು. ದೊಡ್ಡ ಬ್ಯಾಗ್ ಹೇಸರಗತ್ತೆಯ ಬೆನ್ನ ಮೇಲಿತ್ತು. ಹೇಸರಗತ್ತೆ ನಮ್ಮನ್ನು ದಾಟಿ ಮುಂದೆ ಹೋಗಿ ಆಗಲೇ ಒಂದು ಗಂಟೆಯಾಗಿತ್ತು. ಬಾಲು ಕಾ ಘೇರಾ ತಲುಪುವ ಹೊತ್ತಿಗೆ ಬೆರಳುಗಳು ಮರಗಟ್ಟಿ, ಶೂ ಲೇಸ್ ಬಿಚ್ಚಲೂ ಆಗಲಿಲ್ಲ. ಜೊತೆಗಿದ್ದ ಗೈಡ್ ಕೆಳಗೆ ಕೂತು ಬಿಚ್ಚಿಕೊಟ್ಟರು.

ಜಾಕೆಟ್ ಒಳ್ಳೆಯದೇ ಇತ್ತು. ಬೇಕಾದ ಹೊತ್ತಿಗೆ ಕೈಗೆ ಸಿಗಲಿಲ್ಲ. ಆ ದಿನದಿಂದ ಪ್ರತಿ ಸಾಮಾನನ್ನು ಬ್ಯಾಗಿಗೆ ಹಾಕುವಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಯಾವಾಗ ಬೇಕಾಗುತ್ತದೆ? ಆಗ ಇದು ಎಲ್ಲಿರುತ್ತದೆ? ಈ ಲೇಖನದಲ್ಲಿ ಹೇಳುವುದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ನಮ್ಮ ಕಡೆಯಿಂದ ಮೊದಲ ಸಲ ಹಿಮಾಲಯಕ್ಕೆ ಹೋಗುವವರಲ್ಲಿ ತುಂಬಾ ಜನ ಹಂಪ್ಟಾ ಪಾಸ್ ಆರಿಸಿಕೊಳ್ಳುತ್ತಾರೆ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಹಿಮಾಚಲದ ಮನಾಲಿಯಿಂದ ಜೀಪಿನಲ್ಲಿ ಜೋಬ್ರಾ, ಅಲ್ಲಿಂದ ನಡೆದು ಚಿಕಾ, ಬಾಲು ಕಾ ಘೇರಾ, ಪಾಸ್ ದಾಟಿ ಶಿಯಾ ಗೋರು, ಕೊನೆಗೆ ಛತ್ರು. ಪಾಸ್‌ನ ಎತ್ತರ ಸುಮಾರು 4,270 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು. ಅಂದರೆ ಅದರ ಎರಡು ಪಟ್ಟಿಗಿಂತ ಜಾಸ್ತಿ.

ಎತ್ತರ ಜಾಸ್ತಿಯಾದಂತೆ ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಷ್ಟು ತಾಪ ಇಳಿಯುತ್ತದೆ. ಮನಾಲಿಯಲ್ಲಿ 22 ಡಿಗ್ರಿ ಇದ್ದರೆ ಅದೇ ಹೊತ್ತಿಗೆ ಪಾಸ್‌ನಲ್ಲಿ 8 ಡಿಗ್ರಿ ಇರಬಹುದು. ಇದು ಗಾಳಿ ಇಲ್ಲದಾಗಿನ ಲೆಕ್ಕ. ಗಾಳಿ ಬೀಸಿ, ಮೈ ಒದ್ದೆಯೂ ಆದರೆ ಆ 8 ಡಿಗ್ರಿಯಲ್ಲೇ ಮೈ ಬಿಸಿ ಕಳೆದುಕೊಂಡು ಪ್ರಾಣಕ್ಕೆ ಕುತ್ತು ಬರುತ್ತದೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಅದು ನೆನಪಾದಾಗಲೆಲ್ಲ ಸಂಕಟವಾಗುತ್ತದೆ. ಆಗ ಇಲ್ಲಿ ಮುಂಗಾರು ಶುರುವಾಗುವ ಸಮಯ. ಅಲ್ಲಿ ಬೇಸಿಗೆ. ಬೇಸಿಗೆ ಅಂತ ಹಿಮಾಲಯದಲ್ಲಿ ಯಾವ ಭರವಸೆಯೂ ಇಲ್ಲ. ಬ್ಯಾಗ್ ಕಟ್ಟುವಾಗ ಇದು ತಲೆಯಲ್ಲಿರಲಿ.

ಒಂದು ತಿಂಗಳು ಮೊದಲು: ಶೂ

ಮಿಕ್ಕಿದ್ದೆಲ್ಲ ಕೊನೆಯ ವಾರ ಕೊಳ್ಳಬಹುದು. ಶೂ ಮಾತ್ರ ಆಗಲ್ಲ. ಹೊಸ ಶೂ ಕಾಲಿಗೆ ಹೊಂದಿಕೊಳ್ಳಲು ಮೂರು ನಾಲ್ಕು ವಾರ ಬೇಕು.

ಪಾದದ ಗಂಟು ಮುಚ್ಚುವಷ್ಟು ಎತ್ತರದ, ನೀರು ಒಳಗೆ ಬಿಡದ ಟ್ರೆಕ್ಕಿಂಗ್ ಶೂ ತೆಗೆದುಕೊಳ್ಳಿ. ರನ್ನಿಂಗ್ ಶೂ ಬೇಡ. ಅದರ ಅಟ್ಟೆ ಮೆತ್ತಗೆ, ಹಿಮದ ಮೇಲೆ ಜಾರುತ್ತದೆ. ಅಂಗಡಿಗೆ ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಚಾರಣದಲ್ಲಿ ಹಾಕುವ ದಪ್ಪ ಕಾಲುಚೀಲವನ್ನು ಜೊತೆಗೆ ಒಯ್ದು, ಅದನ್ನು ಹಾಕಿಕೊಂಡೇ ಶೂ ನೋಡಿ. ಲೇಸ್ ಕಟ್ಟುವ ಮೊದಲು ಪಾದವನ್ನು ಮುಂದಕ್ಕೆ ತಳ್ಳಿ. ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗುವಷ್ಟು ಜಾಗ ಉಳಿಯಬೇಕು. ಆಮೇಲೆ ಇಳಿಜಾರಿನಲ್ಲಿ ನಿಂತು ನೋಡಿ. ಕಾಲ್ಬೆರಳು ಮುಂದೆ ತಾಗಿದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಪಾಸ್‌ನಿಂದ ಶಿಯಾ ಗೋರುವಿಗೆ ಇಳಿಯುವಾಗ ಮೊಣಕಾಲಿನಷ್ಟೇ ಪೆಟ್ಟು ಕಾಲುಗುರಿಗೂ ಬೀಳುತ್ತದೆ.

ಹಳೆಯ ಶೂ ಇದೆ, ಎರಡು ವರ್ಷದಿಂದ ಅಟ್ಟದ ಮೇಲಿದೆ, ಹೊಸದರಂತೆಯೇ ಕಾಣುತ್ತದೆ ಅನ್ನುವವರಿಗೆ ಒಂದು ಮಾತು. ಶೂ ಅಟ್ಟೆಯೊಳಗಿನ ಮೆತ್ತನೆಯ ಪದರ ಹೆಚ್ಚಾಗಿ ಪಾಲಿಯುರೆಥೇನ್‌ನದು. ಗಾಳಿಯ ತೇವ ಹೀರಿ ಅದು ವರ್ಷಗಳು ಕಳೆದಂತೆ ಒಳಗೊಳಗೇ ಪುಡಿಯಾಗುತ್ತದೆ. ನಮ್ಮ ಮಲೆನಾಡು, ಕರಾವಳಿಯ ಹವೆಯಲ್ಲಿ ಇನ್ನೂ ಬೇಗ. ಹಾಕಿಕೊಳ್ಳದೆ ಇಟ್ಟ ಶೂಗಳಿಗೇ ಇದು ಜಾಸ್ತಿ. ನಮ್ಮ ತಂಡದಲ್ಲೊಬ್ಬರಿಗೆ ಮೊದಲ ದಿನವೇ ಎಡಗಾಲಿನ ಅಟ್ಟೆ ಹಿಮ್ಮಡಿಯಿಂದ ಬಿಚ್ಚಿ ಬಾಯಿ ತೆರೆಯಿತು. ಒಳಗೆ ಬ್ರೆಡ್ಡಿನ ಪುಡಿಯಂತೆ ಉದುರುತ್ತಿತ್ತು. ಅಗಲದ ಟೇಪ್ ಸುತ್ತಿ, ಅದರ ಮೇಲೆ ದಾರ ಕಟ್ಟಿ ಉಳಿದ ದಿನಗಳನ್ನು ನಡೆದರು. ಆದ್ದರಿಂದ ಹಳೆಯ ಶೂ ಆದರೆ ಹೆಬ್ಬೆರಳಿನಿಂದ ಅಟ್ಟೆಯ ಪಕ್ಕವನ್ನು ಬಲವಾಗಿ ಒತ್ತಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ ಬಿಟ್ಟುಬಿಡಿ. ಗಟ್ಟಿಯಾಗಿದ್ದರೂ ಕುಮಾರಪರ್ವತಕ್ಕೋ ಸಾವನದುರ್ಗಕ್ಕೋ ಒಂದು ಸಲ ಹಾಕಿಕೊಂಡು ಹೋಗಿ ಬನ್ನಿ.

ಶೂ ಜೊತೆಗೆ ಹಿಂದೆ ಪಟ್ಟಿ ಇರುವ ಒಂದು ಜೊತೆ ಫ್ಲೋಟರ್ಸ್ ಬೇಕೇ ಬೇಕು. ಈ ದಾರಿಯಲ್ಲಿ ಹಿಮ ಕರಗಿದ ನೀರಿನ ತೊರೆ ದಾಟಬೇಕಾಗುತ್ತದೆ. ಬರಿಗಾಲಲ್ಲಿ ಇಳಿದರೆ ತಣ್ಣಗಿನ ನೀರಿಗೆ ಪಾದ ಜೋಮು ಹಿಡಿದು ಕಲ್ಲು ತಿಳಿಯುವುದಿಲ್ಲ. ಹವಾಯಿ ಚಪ್ಪಲಿ ಹಾಕಿದರೆ ಹೊಳೆಯೇ ಒಯ್ಯುತ್ತದೆ. ನೀರಿಗೆ ಇಳಿಯುವ ಮೊದಲು ಬ್ಯಾಗಿನ ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡನ್ನೂ ಬಿಚ್ಚಿಕೊಳ್ಳಿ. ಜಾರಿ ಬಿದ್ದರೆ ಬ್ಯಾಗನ್ನು ತಕ್ಷಣ ಕಳಚಲು ಆಗಬೇಕು.

ಕಾಲುಚೀಲ ನಾಲ್ಕು ಜೊತೆ ಸಾಕು. ಮೂರು ನಡೆಯಲು, ಒಂದು ದಪ್ಪ ಉಣ್ಣೆಯದು ಮಲಗಲು ಮಾತ್ರ. ಉಣ್ಣೆಯದನ್ನು ಏನೇ ಆದರೂ ನಡೆಯುವಾಗ ಹಾಕಬೇಡಿ.

ಬಟ್ಟೆ: ಪದರ ಪದರವಾಗಿ

ಒಂದೇ ದಪ್ಪ ಸ್ವೆಟರ್ ಹಾಕಿಕೊಂಡು ಹೋಗುವುದು ನಮ್ಮ ಹಳೆಯ ಅಭ್ಯಾಸ. ಬೆಟ್ಟದಲ್ಲಿ ಅದು ಕೆಲಸ ಮಾಡುವುದಿಲ್ಲ. ಏರುವಾಗ ಮೈ ಬೆವರುತ್ತದೆ, ನಿಂತ ಕೂಡಲೇ ಆ ಬೆವರೇ ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಹಾಗಾಗಿ ತೆಳು ಪದರಗಳು ಬೇಕು. ಬಿಸಿಯಾದರೆ ಒಂದು ತೆಗೆಯಬೇಕು, ತಣ್ಣಗಾಗುವ ಮೊದಲೇ ಒಂದು ಹಾಕಬೇಕು.

ಮೈಗೆ ತಾಗುವ ಪದರ ಬೇಗ ಒಣಗುವ ಬಟ್ಟೆಯದಾಗಿರಲಿ. ಕ್ರಿಕೆಟ್, ಜಿಮ್‌ಗೆ ಹಾಕುವ ಪಾಲಿಯೆಸ್ಟರ್ ಟೀ ಶರ್ಟ್ ಸಾಕು, ದುಬಾರಿಯದೇನೂ ಬೇಡ. ಪೂರ್ತಿ ತೋಳಿನದು ಎರಡು ಇಟ್ಟುಕೊಳ್ಳಿ. ಹತ್ತಿ ಬಟ್ಟೆ ಬೇಡ. ನಮ್ಮ ಸೆಖೆಗೆ ಹತ್ತಿಯಂಥದ್ದು ಇನ್ನೊಂದಿಲ್ಲ, ಆದರೆ ಒದ್ದೆಯಾದ ಹತ್ತಿ ನೀರು ಹಿಡಿದುಕೊಂಡು ಮೈಯ ಬಿಸಿಯನ್ನೆಲ್ಲ ಹೀರುತ್ತದೆ, ಒಣಗುವುದೂ ಇಲ್ಲ. ಜೀನ್ಸ್ ಮನಾಲಿಯ ಹೋಟೆಲ್‌ನಲ್ಲೇ ಇರಲಿ. ಬೇಗ ಒಣಗುವ ಟ್ರೆಕ್ ಪ್ಯಾಂಟ್ ಎರಡು ಸಾಕು.

ಅದರ ಮೇಲೆ ಒಂದು ಫ್ಲೀಸ್. ಅದರ ಮೇಲೆ ತುಪ್ಪಳ (ಹಕ್ಕಿಯ ಮೆತ್ತನೆ ಗರಿ, ‘ಡೌನ್’) ಅಥವಾ ಫೈಬರ್ ತುಂಬಿದ ಹಗುರ ಜಾಕೆಟ್. ತುಪ್ಪಳದ್ದು ಹಗುರ, ತುಂಬಾ ಬೆಚ್ಚಗೆ. ಆದರೆ ಒದ್ದೆಯಾದರೆ ಮುದ್ದೆಯಾಗಿ ಯಾವ ಕೆಲಸಕ್ಕೂ ಬಾರದು. ಜುಲೈ, ಆಗಸ್ಟ್‌ನಲ್ಲಿ ಕುಲ್ಲು ಕಡೆ ಮಳೆ ಇರುವುದರಿಂದ ಹಂಪ್ಟಾಕ್ಕೆ ನನ್ನ ಆಯ್ಕೆ ಫೈಬರ್ ತುಂಬಿದ್ದು. ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಜೊತೆಗೆ ಮಳೆ ಪ್ಯಾಂಟ್. ಪ್ಯಾಂಟನ್ನು ತುಂಬಾ ಜನ ಬಿಟ್ಟು ಹೋಗುತ್ತಾರೆ. ತೊಡೆ ಒದ್ದೆಯಾಗಿ ಗಾಳಿ ಬಡಿದರೆ ಅದರ ಬೆಲೆ ಗೊತ್ತಾಗುತ್ತದೆ. ಬ್ಯಾಗ್ ಸಮೇತ ಮುಚ್ಚುವ ಪೊಂಚೋ ಕೂಡ ಒಳ್ಳೆಯದೇ, ಆದರೆ ಪಾಸ್‌ನ ಗಾಳಿಗೆ ಅದು ಪಟದಂತೆ ಹಾರುತ್ತದೆ. ಜಾಕೆಟ್ಟೇ ಇರಲಿ.

ಜಾಕೆಟ್ ಮಳೆ ತಡೆಯುತ್ತಾ ಅಂತ ಮನೆಯಲ್ಲೇ ನೋಡಬಹುದು. ಹಾಕಿಕೊಂಡು ಹತ್ತು ನಿಮಿಷ ಶವರ್ ಕೆಳಗೆ ನಿಲ್ಲಿ. ಹೆಗಲು, ಜಿಪ್, ಹೊಲಿಗೆ ಎಲ್ಲಿ ನೀರು ಬಂತು ನೋಡಿ. ಚೀಟಿಯಲ್ಲಿ ‘ವಾಟರ್ ರೆಸಿಸ್ಟೆಂಟ್’ ಅಂತಿದ್ದರೆ ತುಂತುರು ಹನಿಗೆ ಮಾತ್ರ ಅಂತ ತಿಳಿಯಿರಿ. ‘ವಾಟರ್‌ಪ್ರೂಫ್’ ಬೇಕು, ಹೊಲಿಗೆಯ ಮೇಲೆ ಒಳಗಿನಿಂದ ಟೇಪ್ ಅಂಟಿಸಿರಬೇಕು.

ಥರ್ಮಲ್ (ಮೈಗೆ ಅಂಟುವ ಬೆಚ್ಚನೆ ಒಳಉಡುಪು) ಒಂದು ಜೊತೆ. ಅದು ರಾತ್ರಿಗೆ. ಥರ್ಮಲ್ ಹಾಕಿಕೊಂಡು ಬೆಟ್ಟ ಏರಿದರೆ ಬೆವರಿನಲ್ಲಿ ತೊಯ್ದು ರಾತ್ರಿ ಒದ್ದೆಯಲ್ಲೇ ಮಲಗಬೇಕಾಗುತ್ತದೆ. ಥರ್ಮಲ್ ಜೊತೆ, ಉಣ್ಣೆಯ ಕಾಲುಚೀಲ, ಒಣ ಟೋಪಿ ಇವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದಕ್ಕೆ ಗಂಟು ಹಾಕಿ. ಟೆಂಟ್ ಒಳಗೆ ಬಿಟ್ಟು ಬೇರೆಲ್ಲೂ ಆ ಗಂಟು ಬಿಚ್ಚಬೇಡಿ. ಹಗಲು ಎಷ್ಟೇ ನೆನೆದರೂ ಒಣ ಬಟ್ಟೆ ಇದೆ ಅನ್ನುವ ಧೈರ್ಯ ನಿಮಗಿರುತ್ತದೆ. ಬೆಳಗ್ಗೆ ಮತ್ತೆ ಒದ್ದೆ ಬಟ್ಟೆಯನ್ನೇ ಹಾಕಿಕೊಂಡು ನಡೆಯಬೇಕು. ಕಷ್ಟ ಅನಿಸುತ್ತದೆ, ಆದರೆ ನಡೆದಂತೆ ಮೈಯ ಬಿಸಿಗೇ ಅದು ಒಣಗುತ್ತದೆ.

ಕೈ, ತಲೆ, ಕಣ್ಣು

ಕೈಗವಸು ಎರಡು ಜೊತೆ: ಒಳಗೆ ತೆಳು ಫ್ಲೀಸಿನದು, ಮೇಲೆ ನೀರು ತಡೆಯುವ ದಪ್ಪದ್ದು. ಬರೀ ಉಣ್ಣೆಯದು ಹಿಮ ಮುಟ್ಟಿದ ಕೂಡಲೇ ಒದ್ದೆ. ಕಿವಿ ಮುಚ್ಚುವ ಉಣ್ಣೆ ಟೋಪಿ, ಬಿಸಿಲಿಗೆ ಅಂಚಿರುವ ಟೋಪಿ, ಕುತ್ತಿಗೆಗೂ ಮೂಗಿಗೂ ಸುತ್ತಲು ಒಂದು ಬಫ್. ನಮ್ಮ ಮನೆಯ ಮಂಕಿ ಕ್ಯಾಪ್ ಇದ್ದರೆ ಅದನ್ನೇ ಒಯ್ಯಿರಿ. ಟೆಂಟ್‌ನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ.

ತಂಪು ಕನ್ನಡಕವನ್ನು ಮಾತ್ರ ಫುಟ್‌ಪಾತ್‌ನಲ್ಲಿ ಕೊಳ್ಳಬೇಡಿ. ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣ ಶೇಕಡಾ 10ರಷ್ಟು ಜಾಸ್ತಿಯಾಗುತ್ತದೆ. ಹೊಸ ಹಿಮ ಅದರಲ್ಲಿ ಶೇಕಡಾ 80ರಷ್ಟನ್ನು ಕೆಳಗಿನಿಂದ ಮತ್ತೆ ಮುಖಕ್ಕೆ ಎಸೆಯುತ್ತದೆ. ಅಂದರೆ ಎರಡೂ ಕಡೆಯಿಂದ. ಕಣ್ಣು ಸುಟ್ಟರೆ ಮರಳು ತುಂಬಿದ ಹಾಗೆ ಉರಿದು ನೀರು ಸುರಿಯುತ್ತದೆ, ಬೆಳಕು ನೋಡಲಾಗದು. ಯುವಿ 400 ಅಂತ ಬರೆದಿರುವ, ಪಕ್ಕದಿಂದಲೂ ಬೆಳಕು ನುಗ್ಗದ ಕನ್ನಡಕ ಬೇಕು. ನಂಬರ್ ಕನ್ನಡಕದವರು ಅದರ ಮೇಲೆ ಹಾಕುವಂಥದ್ದು ಕೊಳ್ಳಿ, ನಂಬರ್ ಕನ್ನಡಕ ಇನ್ನೊಂದನ್ನೂ ಇಟ್ಟುಕೊಳ್ಳಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 50. ಹಿಮದ ಮೇಲೆ ನಡೆಯುವ ದಿನ ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಹತ್ತಿರವೂ ಹಚ್ಚಿ.

ಎರಡು ಬ್ಯಾಗ್, ಎರಡು ಲೆಕ್ಕ

ನೀವೇ ಎಲ್ಲ ಹೊರುವುದಾದರೆ 50ರಿಂದ 60 ಲೀಟರ್ ಬ್ಯಾಗ್ ಬೇಕು. ತುಂಬಿದ ಮೇಲೆ ಅದರ ತೂಕ 10, ಹೆಚ್ಚೆಂದರೆ 12 ಕೆಜಿ ದಾಟಬಾರದು. ಪಾಸ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 60ರಷ್ಟು ಮಾತ್ರ. ಅಲ್ಲಿ ಪ್ರತಿ ಅರ್ಧ ಕೆಜಿಯೂ ಉಸಿರಿಗೆ ತಿಳಿಯುತ್ತದೆ. ದೊಡ್ಡ ಬ್ಯಾಗನ್ನು ಹೇಸರಗತ್ತೆಗೆ ಕೊಡುವುದಾದರೆ ಬೆನ್ನಿಗೆ 20ರಿಂದ 25 ಲೀಟರಿನ ಇನ್ನೊಂದು ಬ್ಯಾಗ್. ಹೇಸರಗತ್ತೆಗೆ ಕೊಡುವುದು ತಪ್ಪೇನಲ್ಲ, ಬೆನ್ನು ಮಂಡಿ ಉಳಿಯುತ್ತದೆ. ಆದರೆ ಕೊಟ್ಟ ಮೇಲೆ ಆ ಬ್ಯಾಗ್ ಸಂಜೆಯವರೆಗೆ ನಿಮ್ಮದಲ್ಲ ಅಂದುಕೊಳ್ಳಿ.

ಬೆನ್ನಿನ ಸಣ್ಣ ಬ್ಯಾಗಿನಲ್ಲಿ ಪ್ರತಿದಿನ, ಆಕಾಶ ಎಷ್ಟೇ ತಿಳಿಯಾಗಿದ್ದರೂ, ಇವು ಇರಲೇಬೇಕು:

- ಮಳೆ ಜಾಕೆಟ್, ಮಳೆ ಪ್ಯಾಂಟ್
- ಫ್ಲೀಸ್ ಮತ್ತು ಬೆಚ್ಚನೆ ಜಾಕೆಟ್, ಪ್ಲಾಸ್ಟಿಕ್ ಚೀಲದೊಳಗೆ
- ಕೈಗವಸು, ಉಣ್ಣೆ ಟೋಪಿ, ಒಂದು ಜೊತೆ ಒಣ ಕಾಲುಚೀಲ
- ಎರಡು ಲೀಟರ್ ನೀರು, ಒಂದು ಹೊತ್ತಿನ ತಿನಿಸು
- ಹೆಡ್ ಟಾರ್ಚ್
- ನಿಮ್ಮ ಔಷಧಗಳು
- ಸೀಟಿ

ಹಗಲಲ್ಲಿ ಟಾರ್ಚ್ ಯಾಕೆ ಅನಿಸಬಹುದು. ಪಾಸ್ ದಾಟುವ ದಿನ ಎಂಟು ಹತ್ತು ಗಂಟೆ ನಡಿಗೆ ಇರುತ್ತದೆ. ಒಬ್ಬರ ಕಾಲು ಉಳುಕಿದರೂ ಕತ್ತಲಾಗುತ್ತದೆ.

ದೊಡ್ಡ ಬ್ಯಾಗ್ ತುಂಬುವ ಮೊದಲು ಕಸಕ್ಕೆ ಬಳಸುವ ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲವನ್ನು ಒಳಗೆ ಹಾಸಿ, ಸಾಮಾನನ್ನೆಲ್ಲ ಅದರೊಳಗೆ ಇಡಿ. ಮೇಲಿನ ರೇನ್ ಕವರ್ ಬೆನ್ನಿನ ಕಡೆ ತೆರೆದೇ ಇರುತ್ತದೆ, ನೀರು ಆ ಕಡೆಯಿಂದ ಇಳಿಯುತ್ತದೆ. ಕೆಲವೇ ರೂಪಾಯಿಯ ಆ ಚೀಲ ಮಾಡುವಷ್ಟು ಕೆಲಸವನ್ನು ಕವರ್ ಮಾಡುವುದಿಲ್ಲ. ತಳದಲ್ಲಿ ಸ್ಲೀಪಿಂಗ್ ಬ್ಯಾಗ್, ರಾತ್ರಿಯ ಗಂಟು. ನಡುವೆ, ಬೆನ್ನಿಗೆ ಅಂಟಿಕೊಂಡ ಹಾಗೆ ಭಾರದ್ದು. ಹೊರಗಡೆಗೆ, ಮೇಲಕ್ಕೆ ಹಗುರದ್ದು. ಭಾರ ಬೆನ್ನಿನಿಂದ ದೂರ ಹೋದಷ್ಟೂ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ.

ಹೊರುವಾಗ ಮೊದಲು ಸೊಂಟದ ಪಟ್ಟಿ ಬಿಗಿಮಾಡಿ, ಆಮೇಲೆ ಹೆಗಲಿನದು. ಸೊಂಟದ ಮೂಳೆಯ ಮೇಲೆ ಪಟ್ಟಿ ಕೂರಬೇಕು, ಹೊಟ್ಟೆಯ ಮೇಲಲ್ಲ. ಭಾರದ ಹೆಚ್ಚಿನ ಪಾಲು ಸೊಂಟ ಹೊತ್ತರೆ ಹೆಗಲಿಗೆ ನೋವೇ ಇರುವುದಿಲ್ಲ.

ಮಲಗುವುದಕ್ಕೆ

ಟೆಂಟ್, ಮ್ಯಾಟ್, ಸ್ಲೀಪಿಂಗ್ ಬ್ಯಾಗನ್ನು ಸಾಮಾನ್ಯವಾಗಿ ಚಾರಣ ನಡೆಸುವವರೇ ಕೊಡುತ್ತಾರೆ. ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಕೊಳ್ಳುವುದಾದರೆ ಚೀಟಿಯ ಮೇಲೆ ಎರಡು ಮೂರು ತಾಪದ ಅಂಕಿ ಇರುತ್ತವೆ. ‘ಕಂಫರ್ಟ್’ ಅಂತ ಬರೆದಿರುವುದನ್ನೇ ನೋಡಿ. ‘ಎಕ್ಸ್‌ಟ್ರೀಮ್’ ಅನ್ನುವುದು ಸಾಯದೆ ಉಳಿಯುವ ಮಟ್ಟ, ನಿದ್ದೆ ಬರುವ ಮಟ್ಟವಲ್ಲ. ಶಿಯಾ ಗೋರುವಿನಲ್ಲಿ ರಾತ್ರಿ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಕಂಫರ್ಟ್ ಸೊನ್ನೆಗಿಂತ ಕೆಳಗಿರಲಿ.

ಮಲಗುವಾಗ ಬಿಸಿನೀರು ತುಂಬಿದ ಬಾಟಲನ್ನು ಕಾಲುಚೀಲದೊಳಗೆ ತೂರಿಸಿ ಪಾದದ ಹತ್ತಿರ ಇಟ್ಟುಕೊಳ್ಳಿ. ಮುಚ್ಚಳ ಎರಡು ಸಲ ನೋಡಿ. ಆ ನೀರೇ ಬೆಳಗ್ಗೆ ಕುಡಿಯಲು ಆಗುತ್ತದೆ. ಮೊಬೈಲ್, ಪವರ್ ಬ್ಯಾಂಕ್, ಟಾರ್ಚಿನ ಸೆಲ್‌ಗಳೂ ಸ್ಲೀಪಿಂಗ್ ಬ್ಯಾಗಿನೊಳಗೇ ಇರಲಿ. ಚಳಿಗೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಔಷಧ

ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಎರಡು ಪಟ್ಟು ಒಯ್ಯಿರಿ. ಅರ್ಧ ಸಣ್ಣ ಬ್ಯಾಗಿನಲ್ಲಿ, ಅರ್ಧ ದೊಡ್ಡದರಲ್ಲಿ. ಬಿಪಿ, ಆಸ್ತಮಾ, ಹೃದಯದ ತೊಂದರೆ ಇರುವವರು ಹೊರಡುವ ಮೊದಲು ವೈದ್ಯರನ್ನು ಕೇಳಲೇಬೇಕು. ಪ್ಯಾರಾಸಿಟಮಾಲ್, ಓಆರ್‌ಎಸ್, ಭೇದಿಗೆ ಮಾತ್ರೆ, ಬ್ಯಾಂಡ್ ಏಡ್, ಕ್ರೇಪ್ ಬ್ಯಾಂಡೇಜ್, ಬೊಬ್ಬೆ ಏಳುವ ಜಾಗಕ್ಕೆ ಅಂಟಿಸಲು ಟೇಪ್. ಟೇಪನ್ನು ಬೊಬ್ಬೆ ಎದ್ದ ಮೇಲೆ ಅಂಟಿಸುವುದಕ್ಕಿಂತ, ಹಿಮ್ಮಡಿ ಬಿಸಿ ಅನಿಸಿದ ಕೂಡಲೇ ನಿಂತು ಅಂಟಿಸಿ.

ಎತ್ತರಕ್ಕೆ ಏರಿದಾಗ ಬರುವ ತಲೆನೋವು ತಡೆಯಲು ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ. ವೈದ್ಯರು ಹೇಳಿದರೆ ಮಾತ್ರ, ಅವರು ಹೇಳಿದಷ್ಟೇ. ಸಲ್ಫಾ ಔಷಧ ಆಗದವರು ಅದನ್ನು ಮೊದಲೇ ತಿಳಿಸಿ. ಡಯಾಮಾಕ್ಸ್ ತೆಗೆದುಕೊಂಡರೂ ತಲೆನೋವು, ವಾಂತಿ ಬಂದರೆ ಮೇಲೆ ಹೋಗಬೇಡಿ. ಕೂತಿದ್ದಾಗಲೂ ಏದುಸಿರು, ಕುಡಿದವರ ಹಾಗೆ ತೂರಾಡುವ ನಡಿಗೆ, ಮಾತಿನಲ್ಲಿ ಗೊಂದಲ ಕಂಡರೆ ರಾತ್ರಿಯಾದರೂ ಕೆಳಗೆ ಇಳಿಸಬೇಕು. ಬ್ಯಾಗಿನಲ್ಲಿರುವ ಯಾವ ಮಾತ್ರೆಯೂ ಇಳಿಯುವುದಕ್ಕೆ ಬದಲಿಯಲ್ಲ. ತಲೆನೋವನ್ನು ಗೈಡ್‌ಗೆ ಮುಚ್ಚಿಡಬೇಡಿ, ದಯವಿಟ್ಟು. ಊರಿಂದ ಇಷ್ಟು ದೂರ ಬಂದು ವಾಪಸ್ ಹೋಗುವುದಾ ಅಂತ ಸುಮ್ನಿರುವವರನ್ನು ನೋಡಿದ್ದೇನೆ.

ಪ್ರಯಾಣ ಮತ್ತು ಎತ್ತರದಿಂದ ಮುಟ್ಟಿನ ದಿನ ಹಿಂದೆ ಮುಂದೆ ಆಗಬಹುದು. ದಿನ ಇನ್ನೂ ದೂರ ಇದೆ ಅನಿಸಿದರೂ ಪ್ಯಾಡ್ ಅಥವಾ ಕಪ್ ಇಟ್ಟುಕೊಳ್ಳಿ. ಬಳಸಿದ್ದನ್ನು ಕಟ್ಟಿ ವಾಪಸ್ ತರಲು ಜಿಪ್ ಚೀಲವೂ ಇರಲಿ. ವೆಟ್ ವೈಪ್ಸ್ ಕೂಡ ಹಾಗೇ, ಅದು ಮಣ್ಣಲ್ಲಿ ಕರಗುವುದಿಲ್ಲ.

ತಿನಿಸು ಮತ್ತು ವಿಮಾನ

ಊಟ ಕ್ಯಾಂಪಿನಲ್ಲಿ ಸಿಗುತ್ತದೆ. ಎತ್ತರದಲ್ಲಿ ಹಸಿವೆ ಮಾತ್ರ ಸತ್ತುಹೋಗುತ್ತದೆ. ನಾಲಿಗೆಗೆ ಗೊತ್ತಿರುವ ರುಚಿ ಇದ್ದರೆ ನಾಲ್ಕು ತುತ್ತು ಹೆಚ್ಚು ಹೋಗುತ್ತದೆ. ಒಂದು ಸಣ್ಣ ಡಬ್ಬಿ ಚಟ್ನಿಪುಡಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ದಾರಿಗೆ ಶೇಂಗಾ ಚಿಕ್ಕಿ, ಹುರಿಗಡಲೆ ಬೆಲ್ಲ, ಒಣದ್ರಾಕ್ಷಿ.

ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಿ, ಚೆಕ್ ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಟ್ರೆಕ್ಕಿಂಗ್ ಪೋಲ್ ಚೆಕ್ ಇನ್‌ಗೆ. ಲೈಟರ್, ಗ್ಯಾಸ್ ಕ್ಯಾನ್ ಎರಡರಲ್ಲೂ ಬೇಡ. ಶೂ ಹಾಕಿಕೊಂಡೇ ವಿಮಾನ ಹತ್ತಿ. ಬ್ಯಾಗ್ ತಡವಾದರೆ ಬಟ್ಟೆ ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತದೆ, ಕಾಲಿಗೆ ಹೊಂದಿದ ಶೂ ಸಿಗುವುದಿಲ್ಲ. ಅಂದಹಾಗೆ, ಒಂದೇ ಚಾರಣಕ್ಕೆ ಎಲ್ಲವನ್ನೂ ಕೊಳ್ಳಬೇಕಿಲ್ಲ. ದಪ್ಪ ಜಾಕೆಟ್, ಪೋಲ್, ಬ್ಯಾಗ್ ಬಾಡಿಗೆಗೆ ತನ್ನಿ. ದುಡ್ಡನ್ನು ಶೂ, ಮಳೆ ಜಾಕೆಟ್‌ಗೆ ಉಳಿಸಿಕೊಳ್ಳಿ.

ಹೊರಡುವ ಮೊದಲು ಒಂದು ಭಾನುವಾರ

ಎಲ್ಲ ತುಂಬಿದ ಬ್ಯಾಗನ್ನು ಹೊತ್ತು, ಅದೇ ಶೂ ಹಾಕಿ ಚಾಮುಂಡಿ ಬೆಟ್ಟದ ಮೆಟ್ಟಿಲನ್ನೋ ನಂದಿ ಬೆಟ್ಟದ ಮೆಟ್ಟಿಲನ್ನೋ ಹತ್ತಿ ಇಳಿಯಿರಿ. ಮನೆಗೆ ಬಂದು ಹೆಗಲು ನೋಡಿ, ಹಿಮ್ಮಡಿ ನೋಡಿ. ಆಮೇಲೆ ಬ್ಯಾಗನ್ನು ನೆಲಕ್ಕೆ ಸುರಿದು, ಬೇಡದ್ದನ್ನು ತೆಗೆಯಿರಿ. ಎರಡನೇ ಜೊತೆ ಜೀನ್ಸ್, ಅರ್ಧ ಲೀಟರ್ ಶಾಂಪೂ, ದೊಡ್ಡ ಟರ್ಕಿ ಟವೆಲ್ ಇದ್ದೇ ಇರುತ್ತವೆ. ತೆಳ್ಳನೆಯ ಬೈರಾಸ ಒಂದು ಸಾಕು.

ಕೊನೆಗೆ ಪಾಸ್ ದಾಟುವ ದಿನದ ಬೆಳಗ್ಗೆ. ಬಾಲು ಕಾ ಘೇರಾದಲ್ಲಿ ಇನ್ನೂ ನಸುಕು ಇರುವಾಗಲೇ ದೊಡ್ಡ ಬ್ಯಾಗುಗಳನ್ನು ಕೇಳಿಕೊಂಡು ಬರುತ್ತಾರೆ. ಚಳಿ, ನಿದ್ದೆ, ಆತುರ ಎಲ್ಲ ಒಟ್ಟಿಗೆ ಇರುತ್ತದೆ. ಕೊಡುವ ಮೊದಲು ಒಂದು ನಿಮಿಷ ಕೂತು ಸಣ್ಣ ಬ್ಯಾಗಿಗೆ ಕೈ ಹಾಕಿ. ಮಳೆ ಜಾಕೆಟ್, ಬೆಚ್ಚನೆ ಜಾಕೆಟ್, ಕೈಗವಸು, ಟೋಪಿ, ಕನ್ನಡಕ, ಟಾರ್ಚ್, ನೀರು. ಒಂದೊಂದನ್ನೂ ಮುಟ್ಟಿ ನೋಡಿ. ಕೈಗವಸು ಎಲ್ಲಕ್ಕಿಂತ ಮೇಲಿರಲಿ. ಆಮೇಲೆ ದೊಡ್ಡ ಬ್ಯಾಗ್ ಕೊಡಿ.